ನೆರಳು ಕಾಣದ ದಿನ

ನನ್ನ ಸೊಸೆ ಕಸ್ತೂರಿಯ ಮೈ ಸುಟ್ಟವಳು ನಾನು. ಬೆಂಕಿಯಿಂದಲ್ಲ — ಬಿಸಿಲಿನಿಂದ. ಸುಟ್ಟದ್ದು ಒಂದು ತಪ್ಪು. ಆ ತಪ್ಪನ್ನು ಎತ್ತಿ ಆ ಎಳೆಯ ಹುಡುಗಿಯ ತಲೆಯ ಮೇಲೆಯೇ ಇಟ್ಟದ್ದು ಇನ್ನೊಂದು. ಅದಕ್ಕೆ ತಪ್ಪು ಎನ್ನುವ ಹೆಸರು ಸಾಲದು. ಮಾತು ಕೇಳದೆ ನನ್ನ ಮೈ ನಾನೇ ಸುಟ್ಟುಕೊಂಡೆ ಎಂದು ನಂಬಿಕೊಂಡೇ ಅವಳು ದೊಡ್ಡವಳಾದಳು. ಹಾಗೆ ನಂಬಿಸಿದವಳು ನಾನು.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆಯಲು ಕುಳಿತರೆ ಅಕ್ಷರಕ್ಕಿಂತ ನಿಟ್ಟುಸಿರೇ ಹೆಚ್ಚು ಬರುತ್ತದೆ. ಆದರೂ ಬರೆಯುತ್ತಿದ್ದೇನೆ. ಮತ್ತು — ನೀವು ನಂಬುತ್ತೀರೋ ಇಲ್ಲವೋ — ನನ್ನನ್ನು ಬರೆಯಲು ಕೂರಿಸಿದ್ದು ದುಃಖವಲ್ಲ, ಸಂತೋಷ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮುಂಬೈ ಭಾಂಡುಪಿನ ನಮ್ಮ ಚಾಳಿನಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಪೇಢೆ ಹಂಚಿದೆ. ಕೊಟ್ಟವರಿಗೇ ಮತ್ತೆ ಕೊಟ್ಟೆ. ಆ ಕೂಸಿನ ಕಾಲಿನ ಬೆರಳು ನೋಡಿದರೆ ಯಾರೋ ಕಡಲೆಕಾಳು ಪೋಣಿಸಿಟ್ಟ ಹಾಗೆ. ಸೀನಿದರೆ ನನಗೆ ಹಬ್ಬ, ಆಕಳಿಸಿದರೆ ಹಬ್ಬ. ಮುಷ್ಟಿ ಬಿಗಿದುಕೊಂಡು ಮಲಗಿರುತ್ತದೆ, ನನ್ನ ಒಂದು ಬೆರಳು ಕೊಟ್ಟರೆ ಹಿಡಿದುಕೊಂಡು ಬಿಡುವುದೇ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ನಾನು ಏಳುವುದಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ ತಿಳಿದವರು. ನನ್ನದು ತುಳುಕಿತು. ಮೇಲಿನ ತಿಳಿನೀರು ಚೆಲ್ಲಿದ ಮೇಲೆ ತಳದ ರಾಡಿಯೂ ಬಂತು — ಆ ರಾಡಿಯ ಮಾತನ್ನೇ ಈಗ ಹೇಳುತ್ತೇನೆ.

ಕಸ್ತೂರಿ ನನಗೆ ಹೊರಗಿನಿಂದ ಬಂದ ಸೊಸೆಯಲ್ಲ. ನನ್ನ ಗಂಡನ ತಂಗಿ ಶಾಂತವ್ವನ ಮಗಳು. ನಮ್ಮ ವಿಜಾಪುರದ ಕಡೆ ಸೋದರಮಾವನ ಮಗನಿಗೆ ಹೆಣ್ಣು ಕೊಡುವುದು ವಾಡಿಕೆ. ಹಾಗೆ ಆಮೇಲೆ ನನ್ನ ಮಗ ಬಸುವಿಗೆ ಹೆಂಡತಿಯಾದಳು. ಆದರೆ ಮೊದಲ ಸಲ ಅವಳು ನಮ್ಮ ಮನೆಗೆ ಬಂದದ್ದು ಔಷಧಕ್ಕಾಗಿ. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಅವಳಿಗೆ ಹನ್ನೊಂದೋ ಹನ್ನೆರಡೋ. ಎಡಗೈ ಮೇಲೆ ಒಂದು ಬಿಳಿ ಕಲೆ, ಕಿವಿಯ ಕೆಳಗೆ ಕುತ್ತಿಗೆಯ ಮೇಲೆ ಇನ್ನೊಂದು. ಎರಡೂ ಹುಣಸೆ ಬೀಜಕ್ಕಿಂತ ದೊಡ್ಡವಲ್ಲ. ಊರಲ್ಲಿ ಜನ ಆಗಲೇ ತೊನ್ನು ಎನ್ನುವ ಮಾತು ಆಡತೊಡಗಿದ್ದರು. ಶಾಂತವ್ವ ಹೆದರಿ, "ವೈನಿ, ಮುಂಬೈದಾಗ ದೊಡ್ಡ ದವಾಖಾನಿ ಅದಾವಂತ. ನಿನ್ನ ಉಡಿಯಾಗ ಹಾಕೀನಿ" ಎಂದು ಮಗಳನ್ನು ಬಿಟ್ಟು ಹೋದಳು. ಉಡಿಯಲ್ಲಿ ಹಾಕಿದ್ದಳು — ಆ ಮಾತು ನೆನಪಿರಲಿ.

ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಬಾಯಿಗೆ ಕನ್ನಡ ಬಾರದು, ಕಸ್ತೂರಿಗೆ ಹಿಂದಿ ಬಾರದು. ನಡುವೆ ನಾನು. ನಲ್ಲಿಯ ಸಾಲಿನಲ್ಲಿ, ಬಜಾರಿನಲ್ಲಿ ಕಲಿತ ಹಿಂದಿ ನನ್ನದು. ಆದರೂ ಅವತ್ತು ನನಗೆ ಎಷ್ಟು ಹೆಮ್ಮೆ! ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಸೇತುವೆ ನಾನು. ನಾನಿಲ್ಲದಿದ್ದರೆ ಆ ಹುಡುಗಿ ಅಲ್ಲಿ ಮೂಗಿ.

ಡಾಕ್ಟರಬಾಯಿ ಒಂದು ಔಷಧದ ನೀರು ಕೊಟ್ಟರು. ಅದನ್ನು ಕಲೆಗೆ ಹಚ್ಚಿ, ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿಯಬೇಕು — ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು, ಹೆಚ್ಚಿಲ್ಲ. ಆಮೇಲೆ ಸಾಬೂನು ಹಚ್ಚಿ ತೊಳೆದು, ಬಟ್ಟೆ ಮುಚ್ಚಿ, ಅವತ್ತೆಲ್ಲ ಬಿಸಿಲಿಗೆ ಬೀಳಬಾರದು. ಅವರು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ನನಗೆ ಬಿಡಿಸಿ ಹೇಳಿದರು: ಬಿಸಿಲಿನಲ್ಲಿ ಎರಡು ಇವೆ. ಒಂದು ಮೈಗೆ ಬಿಸಿ ತಾಗುವುದು. ಇನ್ನೊಂದು ಕಣ್ಣಿಗೆ ಕಾಣದ್ದು, ಮೈಗೆ ತಿಳಿಯದ್ದು. ಈ ಔಷಧಕ್ಕೆ ಜೊತೆ ಆ ಎರಡನೆಯದು. ಮಿತವಾಗಿ ಬಿದ್ದರೆ ಚರ್ಮಕ್ಕೆ ಬಣ್ಣ ತರುತ್ತದೆ, ಮಿತಿ ಮೀರಿದರೆ ಸುಡುತ್ತದೆ. ಗಾಳಿ ತಂಪಾಗಿದೆ ಅಂತ ಮೋಸ ಹೋಗಬೇಡಿ. ಮೋಡ ಬಂದಿದೆ ಅಂತಲೂ ಮೋಸ ಹೋಗಬೇಡಿ. ತೆಳು ಮೋಡವನ್ನು ಅದು ದಾಟಿಕೊಂಡು ಬರುತ್ತದೆ.

ಇದನ್ನೆಲ್ಲ ನನ್ನ ಕಿವಿ ಕೇಳಿದೆ. ನನ್ನ ಬಾಯಿಯೇ ಅದನ್ನು ಕನ್ನಡದಲ್ಲಿ ಕಸ್ತೂರಿಗೆ ಹೇಳಿದೆ. ತಿಳಿಯಲಿಲ್ಲ ಎನ್ನುವ ದಾರಿ ನನಗಿಲ್ಲ.

ಹೊತ್ತು ನೋಡಲು ಅವರು ಒಂದು ಸುಲಭದ ಉಪಾಯ ಕಲಿಸಿದ್ದರು. ನೆರಳು ನಿನಗಿಂತ ಉದ್ದ ಇದ್ದರೆ ಬಿಸಿಲು ಇನ್ನೂ ಎಳೆಯದು. ನಿನಗಿಂತ ಗಿಡ್ಡ ಆಯಿತೋ, ಒಳಗೆ ಓಡು. ಕಸ್ತೂರಿಗೆ ಅದು ಆಟವಾಯಿತು. ಚಾಳಿನ ಗಚ್ಚಿಯ ಮೇಲೆ, ಆ ತೆರೆದ ತಾರಸಿಯಲ್ಲಿ, ನಿಂತು ತನ್ನ ನೆರಳಿನ ತಲೆ ಎಲ್ಲಿ ಬಿತ್ತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದು, ಆಮೇಲೆ ನೆರಳಿನ ಜಾಗದಲ್ಲಿ ತಾನೇ ಉದ್ದಕ್ಕೆ ಮಲಗಿ ಅಳೆಯುತ್ತಿದ್ದಳು. ಪಕ್ಕದ ಖೋಲಿಯ ಮರಾಠಿ ಮಾವಶಿ ನೋಡಿ, "ಏ ಪೋರೀ, ಝೋಪಲೀಸ್ ಕಾ?" — ಮಲಗಿಬಿಟ್ಟೆಯಾ ಹುಡುಗೀ — ಎಂದು ನಗುವಳು. ಇವಳು ಮಲಗಿದಲ್ಲಿಂದಲೇ ನನಗೆ ಕೂಗುವಳು: "ಅತ್ತಿ, ಇನ್ನಾ ಒಂದ ಗೇಣ ಉಳದೈತ್ರಿ!"

ಮತ್ತು ಬಣ್ಣ ಬರತೊಡಗಿತ್ತು. ಬಿಳಿಯ ನಡುವೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಂದು ಚುಕ್ಕೆ. ಕಸ್ತೂರಿ ಕುಣಿದಳು. ಡಾಕ್ಟರಬಾಯಿ ಅವಳ ಕೆನ್ನೆ ತಟ್ಟಿ, ಇದು ಜಾಣೆ, ಹೇಳಿದ್ದನ್ನು ಕೇಳುವ ಮಗು ಎಂದರು. ಆ ಮಾತನ್ನೂ ನಾನೇ ಕನ್ನಡದಲ್ಲಿ ಹೇಳಿದ್ದೆ. ಹೇಳಿದ್ದನ್ನು ಕೇಳುವ ಮಗು.

ಆಗ ನಾನು ಹಪ್ಪಳ ಸಂಡಿಗೆ ಮಾಡಿ ಕೊಡುತ್ತಿದ್ದೆ. ಮದುವೆಮನೆಗಳಿಗೆ, ಬಾಂದ್ರಾ ಗೋರೆಗಾಂವ್ ಕಡೆಯ ನಮ್ಮ ಕನ್ನಡದವರಿಗೆ. ಹಪ್ಪಳದವರ ಬುದ್ಧಿ ಒಂದೇ: ಬಿಸಿಲು. ಉದ್ದಿನ ಹಪ್ಪಳಕ್ಕೆ ಎರಡು ಬಿಸಿಲು, ಅಕ್ಕಿ ಸಂಡಿಗೆಗೆ ಮೂರು ಬಿಸಿಲು. ಎಷ್ಟು ಬಿಸಿಲು ಕುಡಿಯಿತೋ ಅಷ್ಟು ಒಳ್ಳೆಯದು. ಕಡಿಮೆಯಾದರೆ ಬೂಸು ಬರುತ್ತದೆ. ಹೆಚ್ಚಾಗಿ ಕೆಟ್ಟ ಸಂಡಿಗೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ. ಆ ಹುಡುಗಿಯ ಚರ್ಮವನ್ನೂ ನಾನು ಅದೇ ಕಣ್ಣಿನಿಂದ ನೋಡಿದೆ.

ಮಳೆಗಾಲ ಹೊಸ್ತಿಲಿಗೆ ಬಂದಿತ್ತು. ಗಚ್ಚಿಯ ತುಂಬ ಸಂಡಿಗೆ ಹರಡಿದ್ದೆ. ಮದುವೆಗೆ ಕೊಡಬೇಕಾದ್ದು, ಅವತ್ತು ಒಣಗದಿದ್ದರೆ ಕೆಟ್ಟಿತು. ಕಸ್ತೂರಿಗೆ ಔಷಧ ಹಚ್ಚಿ, "ನೀ ಹೆಂಗೂ ಬಿಸಲಿಗೆ ಕುಂದ್ರಾಕಿ, ಹಂಗಽ ಕಾಗಿ ಕಾಯಿ" ಎಂದು ಕಾಗೆ ಓಡಿಸಲು ಕೈಗೊಂದು ಕೋಲು ಕೊಟ್ಟು ಕೆಳಗಿಳಿದೆ. ಕೆಳಗೆ ನಲ್ಲಿಗೆ ನೀರು ಬಂದಿತ್ತು. ಸಾಲಿನಲ್ಲಿ ಕೊಡ ಇಟ್ಟೆ. ಚಹಾ ಕುಡಿಯುವಷ್ಟು ಹೊತ್ತು ಕಳೆಯಿತು. ಇನ್ನೂ ಅಷ್ಟು ಕಳೆಯಿತು. ನನಗೆ ಗೊತ್ತಿತ್ತು. ಮರೆತಿದ್ದೆ ಎಂದು ಬರೆದರೆ ಯಾರು ಬಂದು ಇಲ್ಲ ಎನ್ನುತ್ತಾರೆ? ಆದರೆ ಮರೆತಿರಲಿಲ್ಲ.

ಆಕಾಶಕ್ಕೆ ತೆಳುವಾಗಿ ಮೋಡ ಕಟ್ಟಿತ್ತು, ಹಾಲಿನ ಕೆನೆಯ ಹಾಗೆ. ಸಮುದ್ರದ ನೀರು ಒಳಗೆ ಬರುವ ಖಾಡಿಯ ಕಡೆಯಿಂದ ತಂಪು ಗಾಳಿ. ಆಗ ಗಚ್ಚಿಯ ಅಂಚಿಗೆ ಬಂದು ಅವಳು ಬಾಗಿ ಕೂಗಿದಳು:

"ಅತ್ತಿ, ನೆರಳ ಕಾಣವಲ್ದು! ಹೆಂಗ ಅಳೀಲಿ? ಇಳದ ಬರ್ಲೇನ್ರಿ?"

ನಾನು ತಲೆ ಎತ್ತಿ ನೋಡಿದೆ. ಅವಳ ಹಿಂದೆ ಬೆಳ್ಳಗಿನ ಆಕಾಶ. ನಾನು ಹೇಳಿದೆ —

"ನೆರಳಽ ಇಲ್ಲಂದ ಮ್ಯಾಲೆ ಬಿಸಲರೆ ಎಲ್ಲಿದು? ಕುಂದ್ರು ಸುಮ್ಮನ. ಕಾಗಿ ಬರ್ತಾವು."

ಇಷ್ಟೇ. ನನ್ನ ಜೀವನದ ಕೆಟ್ಟ ಮಾತು ಇಷ್ಟೇ. ಬೈಗುಳವಲ್ಲ, ಶಾಪವಲ್ಲ. ಹೇಳುವಾಗ ನಾನು ನಕ್ಕೂ ಇದ್ದೆ. ಒಂದೇ ದಿನ ನಾಲ್ಕು ದಿನದ ಬಿಸಿಲು ಕುಡಿದರೆ ಬೇಗ ಗುಣವಾದೀತು ಎನ್ನುವುದೂ ಮನಸ್ಸಿನಲ್ಲಿತ್ತು, ಸಂಡಿಗೆ ಉಳಿದೀತು ಎನ್ನುವುದೂ ಇತ್ತು. ಯಾವುದು ಮೊದಲು ಇತ್ತು? ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಸಂಡಿಗೆ ಮೊದಲು ಇತ್ತು.

ಅವಳು ಮಧ್ಯಾಹ್ನದ ತನಕ ಕುಳಿತಳು. ಹೇಳಿದ್ದನ್ನು ಕೇಳುವ ಮಗು.

ಸಂಜೆ ಏನೂ ಕಾಣಲಿಲ್ಲ. ನನ್ನ ಎದೆ ಹಗುರಾಯಿತು. ಮರುದಿನ ಕೈ, ಕುತ್ತಿಗೆ ಕೆಂಡದ ಹಾಗೆ ಕೆಂಪು. ಅದರ ಮರುದಿನ ಬೊಬ್ಬೆ. ಎರಡು ಕಲೆ ಇದ್ದ ಜಾಗ ಮಾತ್ರವಲ್ಲ — ಔಷಧದ ಕೈಯಿಂದ ಮುಖ ಒರೆಸಿಕೊಂಡಿದ್ದಳು, ಕೆನ್ನೆಯ ಮೇಲೂ. ಹಪ್ಪಳ ಕರಿದಾಗ ಮೇಲೇಳುವ ಗುಳ್ಳೆ ನೋಡಿದ್ದೀರಲ್ಲ? ಹಾಗೆ. ಆಮೇಲೆ ನಾನು ಹಪ್ಪಳ ಕರಿಯುವುದನ್ನೇ ಬಿಟ್ಟೆ. ಯಾಕೆ ಎಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ನೋಡಿದವರೇ ಸಿಟ್ಟಾದರು. ಎಷ್ಟು ಹೊತ್ತು ಬಿಸಿಲಿನಲ್ಲಿ ಇದ್ದಳು, ಯಾರು ಇರಿಸಿದರು ಎಂದು ಕೇಳಿದರು. ಹೇಳಿಬಿಟ್ಟೆ: ನಾನು ಇಳಿದು ಬಾ ಅಂದಿದ್ದೆ, ಕೇಳಲಿಲ್ಲ, ಬೇಗ ಗುಣ ಆಗಲಿ ಅಂತ ತಾನೇ ಕುಳಿತಳು. ಡಾಕ್ಟರಬಾಯಿ ಕಸ್ತೂರಿಯ ಕಡೆ ನೋಡಿದರು. ಅವರಿಗೆ ನಂಬಿಕೆ ಬರಲಿಲ್ಲವೇನೋ. ನನಗೆ ಹೇಳಿದರು, "ಇಸಕೋ ಪೂಛೋ. ಅಪನೇ ಮನ್ ಸೇ ಬೈಠೀ ಥೀ ಕ್ಯಾ?" ತಾನಾಗಿ ಕುಳಿತಿದ್ದಳೇ, ಅವಳನ್ನೇ ಕೇಳು ಎಂದು.

ನಾನು ಕಸ್ತೂರಿಯ ಕಡೆ ತಿರುಗಿ ಕನ್ನಡದಲ್ಲಿ ಕೇಳಿದೆ:

"ಭಾಳ ಉರೀತೈತೇನವ್ವಾ?"

ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಹೌದೆಂದು ತಲೆ ಆಡಿಸಿದಳು.

ಡಾಕ್ಟರಬಾಯಿ ಆ ತಲೆ ಆಡಿದ್ದನ್ನು ನೋಡಿದರು. ನಿಟ್ಟುಸಿರು ಬಿಟ್ಟರು. ಔಷಧ ನಿಲ್ಲಿಸಿದರು — ಹೇಳಿದ್ದನ್ನು ಕೇಳದ ಮಗುವಿಗೆ ಇದನ್ನು ಕೊಡಲಾಗದು, ಅಪಾಯ ಎಂದರು. ಸುಟ್ಟ ಜಾಗವೆಲ್ಲ ಇನ್ನು ಬಿಳಿಯಾಗಬಹುದು ಎಂದರು. ಚರ್ಮದ ಬಣ್ಣವೇ ಮೈಗೆ ಕೊಡೆ. ಬಣ್ಣ ಹೋದಲ್ಲಿ ಆ ಕೊಡೆ ಇಲ್ಲ, ಇನ್ನು ಜೀವನವಿಡೀ ಮೇಲಿನಿಂದ ನೀವೇ ಕೊಡೆ ಹಿಡಿಯಬೇಕು ಎಂದರು. ಎಲ್ಲವನ್ನೂ ನಾನು ಕಸ್ತೂರಿಗೆ ಕನ್ನಡದಲ್ಲಿ ಹೇಳಿದೆ. ಒಂದು ಪ್ರಶ್ನೆಯನ್ನು ಬಿಟ್ಟು.

ಮನೆಗೆ ಬಂದ ಮೇಲೆ, ಬಾಳೆ ಎಲೆಯ ಮೇಲೆ ಕೈ ಚಾಚಿ ಮಲಗಿದ್ದವಳು ಕೇಳಿದಳು: "ಅತ್ತಿ, ನಾ ಕೇಳಿದ್ನೆಲ್ರಿ? ಇಳದ ಬರ್ಲೇನು ಅಂತ?"

"ಕೇಳಿದ್ದಿ. ಬಾ ಅಂದೆ. ನೀ ಬರ್ಲಿಲ್ಲ."

"ಹೌದೇನ್ರಿ?"

"ಹೌದು."

ಅವಳು ಮೇಲಿನ ಜಂತಿ ನೋಡುತ್ತಾ ಮಲಗಿದ್ದಳು. ತನ್ನ ಕಿವಿ ಕೇಳಿದ್ದನ್ನು ತಾನೇ ಅಳಿಸುತ್ತಿದ್ದಳು ಎಂದು ಈಗ ನನಗೆ ಅನ್ನಿಸುತ್ತದೆ. ದೊಡ್ಡವರು ಸುಳ್ಳು ಹೇಳುತ್ತಾರೆ ಎನ್ನುವುದಕ್ಕಿಂತ ನಾನೇ ತಪ್ಪಿದೆ ಎನ್ನುವುದು ಮಗುವಿಗೆ ಸುಲಭವೇನೋ... ಆಮೇಲೆ ಅವಳು ಎಂದೂ ಕೇಳಲಿಲ್ಲ.

ಶಾಂತವ್ವ ಊರಿನಿಂದ ಓಡಿ ಬಂದಳು. ಮಗಳ ಕೈ ನೋಡಿ ಹಣೆ ಹಣೆ ಬಡಿದುಕೊಂಡಳು. "ನಿನ್ನ ಕೈಯಾರೆ ನಿನ್ನ ಬಾಳೇ ಸುಟ್ಕೊಂಡ್ಯಲ್ಲೇ, ಹೇಳಿದ ಮಾತ ಕೇಳಾಕ ಏನಾಗಿತ್ತು ನಿನಗ!" ಕಸ್ತೂರಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಅಲ್ಲೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆ. ಒಂದು ಮಾತು ಸಾಕಿತ್ತು. ರೊಟ್ಟಿ ಬಡಿದೆ.

ಬಿಳಿ ಹರಡಿತು. ಎಡಗೈ ಮೊಣಕೈತನಕ, ಕುತ್ತಿಗೆ, ಅರ್ಧ ಕೆನ್ನೆ. ತಾಯಿಯ ಜೊತೆ ಊರಿಗೆ ಮರಳಿದ ಮೇಲೆ ಶಾಲೆಯಲ್ಲಿ ಯಾರೂ ಪಕ್ಕ ಕೂರಲಿಲ್ಲ. ಅಂಟುವ ರೋಗವಲ್ಲ ಎಂದು ಹೇಳುವವರೂ ಇರಲಿಲ್ಲ. ನೋಡಲು ಬಂದ ಗಂಡುಗಳು ಚಹಾ ಕುಡಿದು ಎದ್ದು ಹೋದವು. ಶಾಂತವ್ವ ಹಾಸಿಗೆ ಹಿಡಿದಾಗ ನಾನು ಹೋಗಿದ್ದೆ. ನನ್ನ ಕೈ ಹಿಡಿದುಕೊಂಡು ಅವಳು ಹೇಳಿದ ಕೊನೆಯ ಮಾತು, "ವೈನಿ, ಹುಡುಗಿ ಮಾತ ಕೇಳೂದಿಲ್ಲ. ನೀ ಸಂಬಾಳಿಸ್ಕೊ." ಆಗಲೂ ನಾನು ಹೂಂ ಎಂದೆ. ಇಲ್ಲ ಶಾಂತವ್ವ, ಕೇಳಿದ್ದಕ್ಕೇ ಹೀಗಾಯಿತು ಎಂದು ಹೇಳಲಿಲ್ಲ. ಹೂಂ ಎಂದೆ.

ಬಸುವಿಗೆ ಅವಳನ್ನು ತಂದುಕೊಂಡೆವು. ಅದರಲ್ಲಿ ಪುಣ್ಯ ಇದ್ದರೆ ಅದು ಬಸುವಿನದು. ಅವನಿಗೆ ಚಿಕ್ಕಂದಿನಿಂದಲೂ ಅವಳೆಂದರೆ ಜೀವ. ಆದರೆ ಹೊಗಳಿಕೆ ಬಂದದ್ದು ನನಗೆ. ಮೇಲಿನ ಮಾಳಿಗೆಯ ಬೆಂಗಳೂರಿನ ಜಯಮ್ಮ ಅಕ್ಷತೆ ಹಾಕಿ ಬಂದು ನನ್ನ ಕೈ ಹಿಡಿದುಕೊಂಡರು: "ಗಂಗಮ್ಮನೋರೇ, ನಿಮ್ಮಂಥ ಮನಸ್ಸು ಯಾರಿಗಿರುತ್ತೆ ಹೇಳಿ. ನಮ್ಮಂಥೋರಾಗಿದ್ರೆ ಇಂಥ ಹುಡುಗೀನ ಮನೆ ತುಂಬಿಸ್ಕೋತಿದ್ವಾ?" ನಾನು ಸೆರಗು ಸರಿಮಾಡಿಕೊಂಡು ನಕ್ಕೆ. ಸುಟ್ಟವಳೇ ದೇವತೆಯಾದೆ. ಕಸ್ತೂರಿಯೂ ಅದನ್ನು ನಂಬಿ ನನ್ನ ಕಾಲು ಮುಟ್ಟಿ ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು. ಪ್ರತಿ ಸಲ ಕಾಲು ಹಿಂದೆ ತೆಗೆಯಬೇಕು ಅನ್ನಿಸುತ್ತಿತ್ತು. ತೆಗೆಯಲಿಲ್ಲ.

ಅವಳ ಜೊತೆ ಸ್ಟೇಷನ್ನಿಗೋ ಬಜಾರಿಗೋ ಹೊರಟರೆ ಬಿಸಿಲಿನ ಮಗ್ಗುಲಿಗೆ ನಾನು ನಡೆಯುತ್ತಿದ್ದೆ, ನನ್ನ ನೆರಳು ಅವಳ ಕೈ ಮೇಲೆ ಬೀಳಲಿ ಎಂದು. ಉದ್ದ ತೋಳಿನ ಕುಪ್ಪಸ ನಾನೇ ಹೊಲಿಸಿದೆ, ಚಳಿಗಾಲದಲ್ಲೂ ಛತ್ರಿ ಹಿಡಿಸಿದೆ. ಇವನ್ನೆಲ್ಲ ನಾನು ಮನಸ್ಸಿನಲ್ಲಿ ಜಮಾ ಮಾಡಿಕೊಳ್ಳುತ್ತಿದ್ದೆ. ನೋಡಿ, ಎಂಥ ಬುದ್ಧಿ! ಬಾಯಿ ತೆರೆದು ಒಂದು ಮಾತು ಹೇಳುವುದನ್ನು ಬಿಟ್ಟು ಉಳಿದ ಎಲ್ಲವನ್ನೂ ಮಾಡಿದೆ.

ಈಗೀಗ ಬಸು ಪೇಪರ್ ಓದಿ ಹೇಳುತ್ತಾನೆ — ಆ ಕಾಣದ ಬೆಳಕಿಗೆ ಅತಿನೇರಳೆ ಕಿರಣ ಎಂದು ಹೆಸರಂತೆ, ಆಕಾಶದಲ್ಲಿ ಅದನ್ನು ಸೋಸುವ ಪದರು ಇದೆಯಂತೆ, ಅದು ತೆಳುವಾಗುತ್ತಿದೆಯಂತೆ. ಚಾಳಿನ ಜನ ಬಾಯಿ ಬಿಟ್ಟು ಕೇಳುತ್ತಾರೆ. ಹೆಸರು ನನಗೆ ಹೊಸದು. ಅದು ಮಾಡುವ ಕೆಲಸ ನನಗೆ ಹಳೆಯದು.

ಮೊಮ್ಮಗಳು ಹುಟ್ಟಿದಾಗ, ಬೆಳಗಿನ ಎಳೆಬಿಸಿಲಿಗೆ ಕೂಸನ್ನು ಒಂಚೂರು ಹಿಡಿಯಿರಿ ಎಂದು ಇಲ್ಲಿಯ ಡಾಕ್ಟರು ಹೇಳಿದರು. ಕಸ್ತೂರಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. "ನೀವಽ ಹಿಡೀರಿ ಅತ್ತಿ. ನನಗ ಬಿಸಲಿನ ಅಂದಾಜ ತಿಳಿಯೂದಿಲ್ಲ. ನನ್ನ ಕೈ ನಾ ನಂಬೂದಿಲ್ರಿ." ಹಡೆದ ತಾಯಿ, ತನ್ನ ಕೂಸನ್ನು ತಾನು ಬಿಸಿಲಿಗೆ ಒಯ್ಯಲು ಹೆದರಿ, ಒಯ್ದು ಯಾರ ಕೈಗೆ ಕೊಟ್ಟಳು ನೋಡಿ.

ದಿನಾ ಹಾಗೇ ನಡೆಯಿತು. ಗಚ್ಚಿಯ ಮೇಲೆ ನಾನು, ತೊಡೆಯ ಮೇಲೆ ಕೂಸು, ಮೆಟ್ಟಿಲ ಬಾಗಿಲಿನ ನೆರಳಿನಲ್ಲಿ ಛತ್ರಿ ಹಿಡಿದು ಅವಳು. ಬಿಸಿಲಿಗೆ ಕೂಸು ಕಣ್ಣು ಕಿರಿದು ಮಾಡುವುದನ್ನು ನೋಡಿ ನನಗೆ ಎದೆ ಹಿಡಿಯಲಾರದಷ್ಟು ಸಂತೋಷ. ಅದರ ಹಿಂದೆಯೇ ಆ ಹಳೆಯ ಸುಳ್ಳಿನ ನೆನಪು.

ಮೊನ್ನೆ ತೆಳುವಾಗಿ ಮೋಡ ಬಂತು. ಹಾಲಿನ ಕೆನೆಯ ಹಾಗೆ. ಬಾಗಿಲಿನಿಂದ ಅವಳು ಕೇಳಿದಳು, ಮೆಲ್ಲಗೆ, ದೊಡ್ಡವಳ ದನಿಯಲ್ಲಿ: "ಅತ್ತಿ, ಇವತ್ತ ನೆರಳ ಕಾಣವಲ್ದು. ಹೆಂಗ ಮಾಡೂದು?"

ಅವಳಿಗೆ ಅದು ಹೊಸ ಮಾತು. ನನಗೆ ಅಲ್ಲ.

"ಕಸ್ತೂರಿ," ಎಂದೆ. "ಅವತ್ತ ನೀ ಇಳದ ಬರ್ಲೇನು ಅಂತ ಕೇಳಿದ್ದಿ. ನಾ ಬಾ ಅನ್ನಲಿಲ್ಲ. ಕುಂದ್ರು ಅಂದೆ. ನೀ ಮಾತ ಕೇಳಿದ್ದಿ ಅವ್ವಾ, ಮಾತ ಕೇಳಿದ್ದಕ್ಕಽ ಸುಟ್ಟಿ. ಡಾಕ್ಟರಗ ಸುಳ್ಳ ಹೇಳಿದೆ. ನಿನಗೂ ಸುಳ್ಳ ಹೇಳಿದೆ."

ಕೆಳಗೆ ಯಾರೋ ಕೊಡ ಇಟ್ಟ ಸದ್ದು. ಬೈಯಲಿ ಎಂದು ಕಾದೆ, ಅಳಲಿ ಎಂದು ಕಾದೆ. ಅವಳು ಕೇಳಿದ್ದು ಒಂದೇ:

"ನಮ್ಮವ್ವಗ ಗೊತ್ತಿತ್ತೇನ್ರಿ?"

"ಇಲ್ಲ."

ಅವಳು ಛತ್ರಿ ಮಡಚಿ ಗೋಡೆಗೆ ಒರಗಿಸಿದಳು. ನೇರ ನನ್ನ ಹತ್ತಿರ ಬಂದಳು. ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು. ಆ ಪುಟ್ಟ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ಕೂಸನ್ನು ಎತ್ತಿಕೊಂಡಳು. ಆಕಾಶವನ್ನು ಒಮ್ಮೆ ನೋಡಿದಳು. ಸೆರಗನ್ನು ಅದರ ಮುಖಕ್ಕೆ ಮರೆ ಮಾಡಿ ಮೆಟ್ಟಿಲಿಳಿದು ಹೋದಳು. ಅವಳು ನನ್ನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು.

ಬಸುವಿಗೆ ಅವತ್ತೇ ಹೇಳಿದೆ. ಅವನು ಊಟದ ತಾಟು ಬಿಟ್ಟು ಎದ್ದ. ಜಯಮ್ಮನವರಿಗೂ ಹೇಳಿದೆ; ಅವರು ಈಗ ನನ್ನನ್ನು ಹೊಗಳುವುದಿಲ್ಲ. ಶಾಂತವ್ವನಿಗೆ ಹೇಳಲು ದಾರಿ ಇಲ್ಲ. ಅದೊಂದು ಹಾಗೇ ಉಳಿಯುತ್ತದೆ.

ಕಸ್ತೂರಿ ನನಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಾಳೆ. ಮಾತು ಬೇಕಾದಷ್ಟೇ. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾಳೆ, ಕೇಳಿದ್ದನ್ನೆಲ್ಲ ಕೊಟ್ಟು ಅಭ್ಯಾಸ ಅವಳಿಗೆ. ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಗಚ್ಚಿಗೆ ಅವಳೇ ಹೋಗುತ್ತಾಳೆ. ಎಷ್ಟು ಹೊತ್ತು ಇರಬೇಕು, ಯಾವಾಗ ಇಳಿದು ಬರಬೇಕು — ನನ್ನನ್ನು ಕೇಳುವುದಿಲ್ಲ. ನಾನು ಕೆಳಗೆ ಬಾಗಿಲಲ್ಲಿ ಕುಳಿತು ಅವಳ ಹೆಜ್ಜೆಯ ಸದ್ದಿಗೆ ಕಿವಿಗೊಡುತ್ತೇನೆ.

ಕೇಳುವುದಿಲ್ಲ. ಕೇಳದೇ ಇರಲಿ.